ನಾಲ್ಕು ಸಾವಿರದ ಇಯರ್‌ಫೋನ್: ಕೊಟ್ಟ ಹಣ ಕಿವಿಗೆ ಸಲ್ಲುವುದೇ?

ಮೊಬೈಲ್ ಅಂಗಡಿಯ ಗಾಜಿನ ಕಪಾಟಿನಲ್ಲಿ 300 ರೂಪಾಯಿಯ ಇಯರ್‌ಫೋನ್ ತೂಗುಹಾಕಿರುತ್ತದೆ. ಅದರ ಪಕ್ಕದಲ್ಲಿಯೇ 4 ಸಾವಿರದ್ದು, ಅದಕ್ಕೂ ಆಚೆ 25 ಸಾವಿರದ್ದು. ನೋಟಕ್ಕೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಗೆ. ಕಿವಿಯ ತೂತಿನೊಳಗೆ ಕೂರುವ ಹೆಬ್ಬೆರಳಿನ ತುದಿಯಷ್ಟು ಗಾತ್ರದ ಎರಡು ಗುಂಡಿಗಳು. ಕಡಿಮೆ ಬೆಲೆಯದನ್ನು ಕೊಳ್ಳುವವರು ಹೆಚ್ಚು ಯೋಚಿಸುವುದಿಲ್ಲ, ಕೆಟ್ಟರೆ ಕೆಟ್ಟಿತು. ದುಬಾರಿಯದನ್ನು ಕೊಳ್ಳುವವರೂ ಅಷ್ಟೇ. ಗೊಂದಲಕ್ಕೆ ಬೀಳುವವರು ನಡುವಿನವರು. ಎರಡರಿಂದ ಆರು ಸಾವಿರ ರೂಪಾಯಿ ತೆಗೆದಿಟ್ಟುಕೊಂಡು, ಇಷ್ಟು ಕೊಟ್ಟರೆ ನಿಜಕ್ಕೂ ಏನಾದರೂ ಹೆಚ್ಚು ದೊರೆಯುವುದೇ ಎಂದು ಲೆಕ್ಕ ಹಾಕುವ ನೌಕರರು ಮತ್ತು ವಿದ್ಯಾರ್ಥಿಗಳು.

ಸಂಕ್ಷಿಪ್ತ ಉತ್ತರ ಹೀಗಿದೆ. ದೊರೆಯುತ್ತದೆ, ಆದರೆ ಜಾಹೀರಾತು ಹೇಳುವ ಕಡೆಯಲ್ಲಿ ಅಲ್ಲ. ಕೇವಲ ನಾದದ ಗುಣಮಟ್ಟಕ್ಕಾಗಿ ಇಷ್ಟು ಹಣ ತೆರಬೇಕಾದ ಕಾಲ ಕಳೆದುಹೋಗಿದೆ. ಈ ದರ್ಜೆಯಲ್ಲಿ ಕೊಟ್ಟ ಹಣ ಸಾರ್ಥಕವಾಗುವುದು ಅಥವಾ ವ್ಯರ್ಥವಾಗುವುದು ನಾಲ್ಕು ಸಂಗತಿಗಳಿಂದ: ಕಿವಿಗೆ ಅದು ಕೂರುವ ಬಗೆ, ಹೊರಗಿನ ಗದ್ದಲವನ್ನು ಅದು ತಡೆಯುವ ಶಕ್ತಿ, ಅದರ ಬ್ಯಾಟರಿಯ ಆಯುಷ್ಯ ಮತ್ತು ಕೆಟ್ಟಾಗ ಸಿಗುವ ಸೇವೆ.

ಬೆಲೆಗೂ ನಾದಕ್ಕೂ ನಂಟಿದೆಯೇ?

ಈ ಪ್ರಶ್ನೆಗೆ ಅಳತೆಗೋಲಿನ ಉತ್ತರವೇ ಇದೆ. ಧ್ವನಿ ಸಂಶೋಧಕ ಯೆರೂನ್ ಬ್ರೀಬಾರ್ಟ್ ಅವರು 283 ಹೆಡ್‌ಫೋನ್‌ಗಳ ಆವರ್ತನ ಪ್ರತಿಕ್ರಿಯೆಯನ್ನು ಅವುಗಳ ಮಾರಾಟ ಬೆಲೆಯೊಡನೆ ಹೋಲಿಸಿ 2017ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಕಿವಿಯ ಮೇಲೆ ಕೂರುವವು, ಕಿವಿಯನ್ನು ಪೂರ್ತಿ ಮುಚ್ಚುವವು, ಕಿವಿಯೊಳಗೆ ಹೋಗುವವು, ಮೂರೂ ಬಗೆಯವು ಆ ಪಟ್ಟಿಯಲ್ಲಿದ್ದವು. ಫಲಿತಾಂಶ ಪ್ರಬಂಧದ ಶೀರ್ಷಿಕೆಯಲ್ಲಿಯೇ ಇತ್ತು: ಆವರ್ತನ ಪ್ರತಿಕ್ರಿಯೆಗೂ ಬೆಲೆಗೂ ಯಾವುದೇ ಪರಸ್ಪರ ಸಂಬಂಧ ಕಂಡುಬಂದಿಲ್ಲ.

ಆವರ್ತನ ಪ್ರತಿಕ್ರಿಯೆ ಎಂದರೆ ಮಂದ್ರದಿಂದ ತಾರದವರೆಗಿನ ಸ್ವರಗಳನ್ನು ಸಾಧನವು ಎಷ್ಟೆಷ್ಟು ಜೋರಾಗಿ ಹೊರಡಿಸುತ್ತದೆ ಎಂಬುದರ ನಕ್ಷೆ. ಅಡುಗೆಯಲ್ಲಿ ಉಪ್ಪು, ಹುಳಿ, ಖಾರಗಳ ಹದ ಹೇಗೋ ಹಾಗೆ. ಕೇಳುವವನಿಗೆ ನಾದ ಹಿತವೆನಿಸುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದರಲ್ಲಿ ಇದರದೇ ದೊಡ್ಡ ಪಾಲು. ಅಮೆರಿಕದ ಹರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಅವರು 2012ರ ಆಸುಪಾಸಿನಿಂದ ನಡೆಸಿದ ಸರಣಿ ಪ್ರಯೋಗಗಳು ಇನ್ನೊಂದು ಮುಖ್ಯ ವಿಷಯವನ್ನು ಬೆಳಕಿಗೆ ತಂದವು. ಯಾವ ಹೆಡ್‌ಫೋನ್ ಎಂದು ತಿಳಿಯದಂತೆ ಕೇಳಿಸಿದಾಗ, ಉತ್ತಮ ಕೋಣೆಯಲ್ಲಿಟ್ಟ ಉತ್ತಮ ಸ್ಪೀಕರ್‌ನಂತೆ ಕೇಳಿಸುವ ಹದವನ್ನೇ ಬಹುಪಾಲು ಜನ ಮೆಚ್ಚಿದರು. ಆ ಹದದ ನಕ್ಷೆ ಇಂದು ‘ಹರ್ಮನ್ ಗುರಿ’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆ.

ಒಮ್ಮೆ ಗುರಿ ಗೊತ್ತಾದ ಮೇಲೆ ಅದನ್ನು ತಲುಪುವುದು ಚಿನ್ನದ ಬೆಲೆಯ ಕೆಲಸವಾಗಿ ಉಳಿಯಲಿಲ್ಲ. ಚೀನಾದ ಸಣ್ಣಪುಟ್ಟ ತಯಾರಕರು ಇದನ್ನು ಮೊದಲು ಸಾಧಿಸಿ ತೋರಿಸಿದರು. 2022ರಲ್ಲಿ ಮೂನ್‌ಡ್ರಾಪ್ ಸಂಸ್ಥೆಯ ‘ಚೂ’ ಎಂಬ ತಂತಿಯ ಇಯರ್‌ಫೋನ್ ಸುಮಾರು 20 ಡಾಲರ್ ಬೆಲೆಗೆ ಬಂದಾಗ, ಅದರ ಅಳತೆಯ ನಕ್ಷೆಯನ್ನು ಹತ್ತುಪಟ್ಟು ಬೆಲೆಯವುಗಳ ಪಕ್ಕದಲ್ಲಿಟ್ಟು ನೋಡಲು ವಿಮರ್ಶಕರು ಹಿಂಜರಿಯಲಿಲ್ಲ.

ಹಾಗೆಂದು ಅಗ್ಗದ್ದೆಲ್ಲ ಒಳ್ಳೆಯದು ಎಂದು ತೀರ್ಮಾನಿಸುವಂತಿಲ್ಲ. ಬೆಲೆಗೂ ನಾದಕ್ಕೂ ಸಂಬಂಧವಿಲ್ಲ ಎಂಬ ಮಾತಿಗೆ ಎರಡು ಮುಖಗಳಿವೆ. 2 ಸಾವಿರದ್ದು 20 ಸಾವಿರದ್ದಕ್ಕೆ ಸಮನಾಗಿರಬಹುದು. 6 ಸಾವಿರದ್ದು 1 ಸಾವಿರದ್ದಕ್ಕಿಂತ ಕಳಪೆಯೂ ಆಗಿರಬಹುದು. ಬೆಲೆ ನೋಡಿ ಗುಣ ಊಹಿಸುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಇದರ ತಾತ್ಪರ್ಯ. ಅಲ್ಲದೆ ಆ ಅಧ್ಯಯನ ಅಳೆದದ್ದು ಆವರ್ತನ ಪ್ರತಿಕ್ರಿಯೆಯನ್ನು ಮಾತ್ರ. ಬಾಳಿಕೆ, ಹಗುರತನ, ಮೈಕ್‌ನ ಗುಣ, ಗದ್ದಲ ತಡೆಯುವ ಶಕ್ತಿ ಇವು ಆ ಲೆಕ್ಕದಲ್ಲಿ ಸೇರಿಲ್ಲ.

ಕಿವಿಗೆ ಕೂರದಿದ್ದರೆ ಎಲ್ಲವೂ ವ್ಯರ್ಥ

ಕಿವಿಯೊಳಗಿನ ಇಯರ್‌ಫೋನ್ ಉಳಿದ ಸ್ಪೀಕರ್‌ಗಳಂತಲ್ಲ. ಹೊರಗಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕೊಳವೆ. ಅದರ ಒಂದು ತುದಿಯನ್ನು ಕಿವಿದಮಟೆ ಮುಚ್ಚಿದೆ, ಇನ್ನೊಂದನ್ನು ಇಯರ್‌ಫೋನಿನ ಮೆತ್ತನೆಯ ಸಿಲಿಕೋನ್ ತುದಿ ಮುಚ್ಚುತ್ತದೆ. ಈ ಎರಡರ ನಡುವೆ ಸಿಕ್ಕಿದ ಗಾಳಿಯ ಪುಟ್ಟ ಕೋಣೆಯೇ ವಾದ್ಯದ ಅರ್ಧ ಭಾಗ. ಕೋಣೆ ಭದ್ರವಾಗಿ ಮುಚ್ಚಿದ್ದರೆ ಮಾತ್ರ ಮಂದ್ರ ಸ್ವರಗಳು ಉಳಿಯುತ್ತವೆ. ಕೂದಲೆಳೆಯಷ್ಟು ಸಂದು ಉಳಿದರೂ ಅವು ಸೋರಿಹೋಗಿ ಮೃದಂಗ ತಗಡಿನ ಡಬ್ಬಿಯಂತೆ, ಗಾಯಕನ ಕಂಠ ಟೊಳ್ಳಾಗಿ ಕೇಳುತ್ತದೆ.

ಇದು ಹೊಸ ಅರಿವೇನಲ್ಲ. ಈ ಬಗೆಯ ಇಯರ್‌ಫೋನ್‌ಗಳ ಮೂಲವೇ ಶ್ರವಣ ವಿಜ್ಞಾನದಲ್ಲಿದೆ. ಅಮೆರಿಕದ ಮೀಡ್ ಕಿಲಿಯನ್ ಅವರ ಎಟಿಮೋಟಿಕ್ ಸಂಸ್ಥೆ ಶ್ರವಣ ಪರೀಕ್ಷೆಗೆ ಬೇಕಾದ ಸಾಧನಗಳಿಂದ ಆರಂಭಿಸಿ, 1991ರಲ್ಲಿ ಸಂಗೀತ ಕೇಳುವವರಿಗಾಗಿ ಇಆರ್-4 ಎಂಬ ಮಾದರಿಯನ್ನು ತಂದಿತು. 1995ರಲ್ಲಿ ಜೆರ್ರಿ ಹಾರ್ವೆ ಅವರು ಡ್ರಮ್ ವಾದಕ ಅಲೆಕ್ಸ್ ವ್ಯಾನ್ ಹೇಲನ್ ಅವರಿಗಾಗಿ ಅಂಥದೊಂದನ್ನು ರೂಪಿಸಿದ್ದು ವೇದಿಕೆಯ ಗದ್ದಲದಲ್ಲಿ ಕೇಳಿಸಲೆಂದು. ಕಲಾವಿದರಿಗೆ ಅವರವರ ಕಿವಿಯ ಅಚ್ಚು ತೆಗೆದೇ ಇಂಥವನ್ನು ಮಾಡಿಕೊಡುವ ಪದ್ಧತಿ ಬೆಳೆದುಬಂತು. ಸಾಮಾನ್ಯ ಗ್ರಾಹಕನಿಗೆ ಅಚ್ಚಿನ ಬದಲು ಡಬ್ಬಿಯಲ್ಲಿ ಸಿಗುವುದು ಸಣ್ಣ, ಮಧ್ಯಮ, ದೊಡ್ಡ ಎಂಬ ಮೂರು ಜೊತೆ ತುದಿಗಳು.

ವಿಪರ್ಯಾಸವೆಂದರೆ ಅನೇಕರು ಡಬ್ಬಿ ತೆರೆದಾಗ ಹಾಕಿಯೇ ಬಂದಿರುವ ಮಧ್ಯಮ ತುದಿಯನ್ನು ಬದಲಿಸುವುದೇ ಇಲ್ಲ. ಎರಡೂ ಕಿವಿಗಳ ನಾಳ ಒಂದೇ ಅಳತೆಯದಾಗಿರಬೇಕೆಂಬ ನಿಯಮವಿಲ್ಲ. ಎಡಕ್ಕೆ ಮಧ್ಯಮ, ಬಲಕ್ಕೆ ದೊಡ್ಡದು ಒಗ್ಗುವವರೂ ಇದ್ದಾರೆ. ಇಯರ್‌ಫೋನ್ ತೊಟ್ಟು, ಹಾಡು ಹಾಕದೆ ಮಾತನಾಡಿದಾಗ ತಮ್ಮ ದನಿ ತಲೆಯೊಳಗೇ ಗುಂಯ್‌ಗುಟ್ಟಿದಂತೆ ಕೇಳಿದರೆ ತುದಿ ಸರಿಯಾಗಿ ಮುಚ್ಚಿದೆ ಎಂದು ತಿಳಿಯಬಹುದು. ನಡೆದಾಡಿದಾಗ, ಬಾಯಿ ಅಗಲಿಸಿದಾಗ ಜಾರಿದರೆ ತುದಿ ಬದಲಿಸಬೇಕು. ಹಳೆಯ ಇಯರ್‌ಫೋನ್ ಎಸೆದು ನಾಲ್ಕು ಸಾವಿರ ಖರ್ಚು ಮಾಡುವ ಮೊದಲು ಮುನ್ನೂರು ನಾನೂರು ರೂಪಾಯಿಯ ಫೋಮ್ ತುದಿಗಳನ್ನು ಹಾಕಿ ನೋಡುವುದು ಜಾಣತನ. ಎಷ್ಟೋ ಬಾರಿ ಕಾಯಿಲೆ ಇರುವುದು ಅಲ್ಲಿಯೇ.

ಡಬ್ಬಿಯ ಮೇಲಿನ ಅಂಕಿಗಳು

ಬೆಳ್ಳಗಿರುವುದೆಲ್ಲ ಹಾಲಲ್ಲ. ಡಬ್ಬಿಯ ಮೇಲೆ ಮಿನುಗುವ ಅಂಕಿಗಳಲ್ಲಿ ಕೆಲವು ಉಪಯುಕ್ತ, ಕೆಲವು ಅಲಂಕಾರ.

ಡ್ರೈವರ್ ಗಾತ್ರ: 10 ಮಿಲಿಮೀಟರ್, 13 ಮಿಲಿಮೀಟರ್ ಎಂದು ದೊಡ್ಡದಾಗಿ ಮುದ್ರಿಸಿರುತ್ತಾರೆ. ನಾದ ಹೊರಡಿಸುವ ತೆಳು ಪೊರೆಯ ಅಗಲ ಅದು. ಅಗಲ ಹೆಚ್ಚಿದ ಮಾತ್ರಕ್ಕೆ ಗುಣ ಹೆಚ್ಚುವುದಿಲ್ಲ. ಒಂದರ ಬದಲು ಮೂರು ಡ್ರೈವರ್ ಇದ್ದರೂ ಅಷ್ಟೇ. ಅವುಗಳನ್ನು ಹದವಾಗಿ ಬೆಸೆಯದಿದ್ದರೆ ಮೂರು ಬಾಣಸಿಗರು ಸೇರಿ ಕೆಡಿಸಿದ ಸಾರಿನಂತಾಗುತ್ತದೆ.

ಆವರ್ತನ ವ್ಯಾಪ್ತಿ: ಆರೋಗ್ಯವಂತ ತರುಣನ ಕಿವಿ ಕೇಳುವುದು ಸ್ಥೂಲವಾಗಿ 20ರಿಂದ 20,000 ಹರ್ಟ್ಸ್‌ವರೆಗೆ; ವಯಸ್ಸಾದಂತೆ ಮೇಲಿನ ಅಂಚು ಕೆಳಗಿಳಿಯುತ್ತದೆ. ‘ಹೈ-ರೆಸ್’ ಮುದ್ರೆಗೆ 40,000 ಹರ್ಟ್ಸ್‌ವರೆಗಿನ ಸಾಮರ್ಥ್ಯ ಬೇಕು. ಆದರೆ ಅಷ್ಟು ಎತ್ತರದ ನಾದ ಮನುಷ್ಯರಿಗೆ ಕೇಳಿಸುವುದಿಲ್ಲ. ಎಷ್ಟು ಡೆಸಿಬಲ್ ಏರಿಳಿತದೊಳಗೆ ಎಂದು ಹೇಳದ ವ್ಯಾಪ್ತಿಯ ಅಂಕಿಯಿಂದ ಗ್ರಾಹಕನಿಗೆ ಪ್ರಯೋಜನವಿಲ್ಲ.

ಕೋಡೆಕ್: ಬ್ಲೂಟೂತ್ ಮೂಲಕ ಹಾಡು ಸಾಗುವಾಗ ಅದನ್ನು ಕುಗ್ಗಿಸಿ ಕಳುಹಿಸುವ ಕ್ರಮವಿದು. ಎಸ್‌ಬಿಸಿ ಎಂಬುದು ಎಲ್ಲದರಲ್ಲೂ ಇರುತ್ತದೆ. ಎಲ್‌ಡಿಎಸಿ ಎಂಬುದು ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಸಾಗಿಸಬಲ್ಲದು. ಆದರೆ ಫೋನ್ ಮತ್ತು ಇಯರ್‌ಫೋನ್ ಎರಡರಲ್ಲಿಯೂ ಅದೇ ಕೋಡೆಕ್ ಇದ್ದರೆ ಮಾತ್ರ ಪ್ರಯೋಜನ. ಐಫೋನ್ ಎಲ್‌ಡಿಎಸಿಯನ್ನು ಬೆಂಬಲಿಸುವುದಿಲ್ಲ. ಅದು ಬಳಸುವುದು ಎಎಸಿ. ಐಫೋನ್ ಉಳ್ಳವರು ಎಲ್‌ಡಿಎಸಿಗೆಂದು ಹೆಚ್ಚುವರಿ ಹಣ ತೆತ್ತರೆ ಅದು ನೀರಿನಲ್ಲಿ ಹೋಮ ಮಾಡಿದಂತೆ.

ಐಪಿ ಅಂಕ: ಇದನ್ನು ನಂಬಬಹುದು, ಏಕೆಂದರೆ ಇದರ ಹಿಂದೆ ಅಂತಾರಾಷ್ಟ್ರೀಯ ಮಾನದಂಡವಿದೆ. ಐಪಿಎಕ್ಸ್4 ಎಂದರೆ ಎಲ್ಲ ದಿಕ್ಕಿನಿಂದ ಚಿಮ್ಮುವ ನೀರನ್ನು ತಡೆಯುತ್ತದೆ ಎಂದರ್ಥ. ಬೆವರಿಗೆ, ತುಂತುರು ಮಳೆಗೆ ಅಷ್ಟು ಸಾಕು. ಆದರೆ ಚಾರ್ಜಿಂಗ್ ಡಬ್ಬಿಗೂ ಆ ರಕ್ಷಣೆ ಇದೆಯೇ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕು.

ಬ್ಯಾಟರಿ ಗಂಟೆ: ‘40 ಗಂಟೆ’ ಎಂಬ ಘೋಷಣೆಯಲ್ಲಿ ಡಬ್ಬಿಯಿಂದ ಮತ್ತೆ ಮತ್ತೆ ತುಂಬಿಕೊಳ್ಳುವುದೂ ಸೇರಿರುತ್ತದೆ. ಒಮ್ಮೆ ಕಿವಿಗೆ ಇಟ್ಟರೆ, ಗದ್ದಲ ನಿವಾರಣೆ ಚಾಲೂ ಇದ್ದಾಗ, ಎಷ್ಟು ಹೊತ್ತು ನಡೆಯುತ್ತದೆ ಎಂಬುದು ಕೇಳಬೇಕಾದ ಪ್ರಶ್ನೆ.

ಇನ್ನು ಗರಿಷ್ಠ ಮಾರಾಟ ಬೆಲೆಯ ವಿಚಾರ. ‘7,990 ರೂಪಾಯಿಯದು 1,799ಕ್ಕೆ’ ಎಂಬಂಥ ರಿಯಾಯಿತಿಗಳು ಈ ವಹಿವಾಟಿನಲ್ಲಿ ಮಾಮೂಲು. ಎಂಆರ್‌ಪಿ ಎಂಬುದು ಮೀರಬಾರದ ಮೇಲ್ಮಿತಿಯೇ ಹೊರತು ವಸ್ತುವಿನ ಯೋಗ್ಯತೆಯ ಪ್ರಮಾಣಪತ್ರವಲ್ಲ. ಹಿಂದಿನ ಕೆಲವು ತಿಂಗಳುಗಳಲ್ಲಿ ಅದು ವಾಸ್ತವವಾಗಿ ಯಾವ ಬೆಲೆಗೆ ಮಾರಾಟವಾಗಿದೆಯೋ ಅದೇ ಅದರ ಬೆಲೆ.

ತಂತಿಯೋ, ನಿಸ್ತಂತುವೋ?

2016ರಲ್ಲಿ ಆಪಲ್ ತನ್ನ ಐಫೋನ್ 7ರಿಂದ 3.5 ಮಿಲಿಮೀಟರ್ ತೂತನ್ನು ತೆಗೆದುಹಾಕಿ, ಅದೇ ವರ್ಷ ಏರ್‌ಪಾಡ್ಸ್ ಬಿಡುಗಡೆ ಮಾಡಿತು. ಬಳಿಕ ಬಹುತೇಕ ತಯಾರಕರು ಅದೇ ದಾರಿ ಹಿಡಿದರು. ಅನುಕೂಲ ನಿರ್ವಿವಾದ. ತುಂಬಿದ ಬಸ್ಸಿನಲ್ಲಿ ತಂತಿ ಯಾರದೋ ಚೀಲಕ್ಕೆ ಸಿಕ್ಕಿಕೊಳ್ಳುವ ಕಷ್ಟವಿಲ್ಲ. ಆದರೆ ಈ ಬದಲಾವಣೆ ಇಯರ್‌ಫೋನಿಗೆ ಹಿಂದೆಂದೂ ಇಲ್ಲದಿದ್ದ ಆಯುಷ್ಯದ ಮಿತಿಯೊಂದನ್ನು ತಂದಿತು.

ಪ್ರತಿ ಗುಂಡಿಯೊಳಗೂ ಅತಿ ಸಣ್ಣ ಲಿಥಿಯಂ ಬ್ಯಾಟರಿಯಿದೆ. ನೂರಾರು ಬಾರಿ ತುಂಬಿ ಖಾಲಿಯಾದಂತೆ ಯಾವುದೇ ಲಿಥಿಯಂ ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆ. ಫೋನಿನ ಬ್ಯಾಟರಿಯನ್ನು ಬದಲಿಸಿಕೊಡುವ ಅಂಗಡಿಗಳು ಊರೂರಲ್ಲಿವೆ. ಅಂಟು ಹಾಕಿ ಮುಚ್ಚಿದ ಇಯರ್‌ಬಡ್‌ನ ಬ್ಯಾಟರಿ ಬದಲಿಸುವುದು ಪ್ರಯಾಸದ ಕೆಲಸ. ಹೀಗಾಗಿ ನಾದ ಚೆನ್ನಾಗಿರುವಾಗಲೇ ಸಾಧನ ಕಸವಾಗುತ್ತದೆ. ಐರೋಪ್ಯ ಒಕ್ಕೂಟ 2023ರಲ್ಲಿ ಒಪ್ಪಿದ ಬ್ಯಾಟರಿ ನಿಯಮ ಇದೇ ಸಮಸ್ಯೆಯನ್ನು ಉದ್ದೇಶಿಸಿದೆ. ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು ಎಂಬ ಅದರ ವಿಧಿ, ಕೆಲವು ವಿನಾಯಿತಿಗಳೊಡನೆ, 2027ರ ಫೆಬ್ರವರಿ 18ರಿಂದ ಅನ್ವಯವಾಗುವಂತೆ ರೂಪಿಸಲಾಗಿದೆ.

ಆದ್ದರಿಂದ ಬೆಲೆಯನ್ನು ಒಟ್ಟು ಮೊತ್ತವಾಗಿ ನೋಡದೆ ವರ್ಷದ ಬಾಡಿಗೆಯಂತೆ ಲೆಕ್ಕ ಹಾಕುವುದು ಸರಿಯಾದ ಕ್ರಮ. ಉದಾಹರಣೆಗೆ, 4,500 ರೂಪಾಯಿಯ ನಿಸ್ತಂತು ಜೋಡಿ ಮೂರು ವರ್ಷ ಬಾಳಿದರೆ ವರ್ಷಕ್ಕೆ 1,500 ರೂಪಾಯಿ. 2,000 ರೂಪಾಯಿಯ, ತಂತಿ ಬಿಚ್ಚಿ ಬದಲಿಸಬಹುದಾದ ಇಯರ್‌ಫೋನ್ ಐದು ವರ್ಷ ಬಾಳಿ, ನಡುವೆ ಒಮ್ಮೆ 500 ರೂಪಾಯಿಗೆ ಹೊಸ ತಂತಿ ಹಾಕಿಸಿದರೂ ವರ್ಷಕ್ಕೆ 500 ರೂಪಾಯಿ ಮಾತ್ರ. ಎರಡರ ನಡುವಿನ 1,000 ರೂಪಾಯಿ ತಂತಿಯಿಲ್ಲದ ಸುಖಕ್ಕೆ ತೆರುವ ವಾರ್ಷಿಕ ಶುಲ್ಕ. ಅದು ದುಬಾರಿಯೋ ಅಗ್ಗವೋ ಎಂಬುದು ಅವರವರ ದಿನಚರಿಗೆ ಬಿಟ್ಟ ವಿಚಾರ. 3.5 ಮಿಲಿಮೀಟರ್ ತೂತಿಲ್ಲದ ಫೋನಿಗೆ ಟೈಪ್-ಸಿ ಪರಿವರ್ತಕ ಬೇಕಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಗದ್ದಲ ತಡೆದರೆ ಕಿವಿ ಉಳಿದೀತು

ಮಧ್ಯಮ ದರ್ಜೆಗೆ ಹಣ ತೆರಲು ಇರುವ ಅತ್ಯಂತ ಬಲವಾದ ಕಾರಣ ಇಲ್ಲಿದೆ, ಮತ್ತು ಅದು ಸಂಗೀತದ್ದಲ್ಲ, ಆರೋಗ್ಯದ್ದು.

ಬಸ್ಸಿನಲ್ಲಿ ಮೊಬೈಲ್‌ನಿಂದ ಜೋರಾಗಿ ಹಾಡು ಹಾಕುವುದನ್ನು ಕೆಎಸ್‌ಆರ್‌ಟಿಸಿ 2021ರಲ್ಲಿ ನಿರ್ಬಂಧಿಸಿತು. ಸಹಪ್ರಯಾಣಿಕರ ನೆಮ್ಮದಿಗೆ ಅದು ಅಗತ್ಯವೇ ಆಗಿತ್ತು. ಆದರೆ ಇಯರ್‌ಫೋನ್ ತೊಟ್ಟವರ ಕಿವಿಯಲ್ಲಿ ನಡೆಯುವುದೇ ಬೇರೆ ಕಥೆ. ಎಂಜಿನ್ನಿನ ಗುಡುಗು, ಹಾರ್ನ್‌ಗಳ ಅಬ್ಬರ ಇದ್ದಾಗ ಅದನ್ನು ಮೀರಿಸಲು ವಾಲ್ಯೂಮ್ ತಾನಾಗಿ ಏರುತ್ತದೆ. ಮನೆಯ ಮೌನದಲ್ಲಿ ಅರ್ಧಕ್ಕೆ ಸಾಕೆನಿಸುವ ವಾಲ್ಯೂಮ್ ಬಸ್ಸಿನಲ್ಲಿ ಮುಕ್ಕಾಲು ದಾಟಿದರೂ ಸಾಲದು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸುರಕ್ಷಿತ ಶ್ರವಣ ಮಾನದಂಡದ ಪ್ರಕಾರ ವಯಸ್ಕರು ವಾರಕ್ಕೆ 80 ಡೆಸಿಬಲ್‌ನಂತೆ 40 ಗಂಟೆ ಕೇಳಬಹುದು. ಮಕ್ಕಳಿಗೆ ಮಿತಿ 75 ಡೆಸಿಬಲ್. ಡೆಸಿಬಲ್ ಲೆಕ್ಕ ಸಾಮಾನ್ಯ ಕೂಡು ಲೆಕ್ಕವಲ್ಲ. ಪ್ರತಿ 3 ಡೆಸಿಬಲ್ ಏರಿಕೆಗೆ ಧ್ವನಿಶಕ್ತಿ ಇಮ್ಮಡಿಯಾಗುತ್ತದೆ, ಆದ್ದರಿಂದ ಸುರಕ್ಷಿತ ಅವಧಿ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ ಕೇವಲ 5 ಗಂಟೆ. ದಿನಕ್ಕೆರಡು ಗಂಟೆ ಪ್ರಯಾಣಿಸುವ ಬೆಂಗಳೂರಿನ ನೌಕರನೊಬ್ಬ 89 ಡೆಸಿಬಲ್‌ನಲ್ಲಿ ಕೇಳಿದರೆ ಬುಧವಾರ ಮಧ್ಯಾಹ್ನಕ್ಕೇ ವಾರದ ಪಾಲು ಮುಗಿದಿರುತ್ತದೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮರಳಿ ಹುಟ್ಟುವುದಿಲ್ಲ.

ಈ ಅಪಾಯಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು ಕಿವಿಗೆ ಭದ್ರವಾಗಿ ಕೂರುವ ತುದಿ. ಮಾತು, ಹಾರ್ನ್ ಮುಂತಾದ ಎತ್ತರದ ಸ್ವರಗಳನ್ನು ಇದೇ ಸಾಕಷ್ಟು ತಡೆಯುತ್ತದೆ. ಎರಡನೆಯದು ಎಎನ್‌ಸಿ ಎನ್ನಲಾಗುವ ಸಕ್ರಿಯ ಗದ್ದಲ ನಿವಾರಣೆ. ಸಾಧನದ ಮೈಕ್ ಹೊರಗಿನ ಸದ್ದನ್ನು ಕೇಳಿಸಿಕೊಂಡು, ಅದರ ಉಬ್ಬಿಗೆ ತಗ್ಗು, ತಗ್ಗಿಗೆ ಉಬ್ಬು ಹೊಂದುವಂತಹ ವಿರುದ್ಧ ತರಂಗವನ್ನು ಹೊರಡಿಸುತ್ತದೆ. ಎರಡೂ ಸೇರಿ ಶಮನವಾಗುತ್ತವೆ. ಜರ್ಮನಿಯ ಪಾಲ್ ಲ್ಯೂಗ್ ಈ ತತ್ವಕ್ಕೆ 1936ರಲ್ಲಿಯೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಎಂಜಿನ್, ಫ್ಯಾನ್, ಮೆಟ್ರೋ ಬೋಗಿಯ ಗುಂಯ್‌ಗುಡುವಿಕೆಯಂತಹ ಸತತ, ತಗ್ಗು ಸ್ವರದ ಸದ್ದುಗಳ ಮೇಲೆ ಇದು ಪರಿಣಾಮಕಾರಿ. ಪಕ್ಕದವರ ಮಾತಿನ ಮೇಲೆ ಅಷ್ಟಾಗಿ ಅಲ್ಲ.

ಕೆಲವು ವರ್ಷಗಳ ಹಿಂದೆ ಹತ್ತಿಪ್ಪತ್ತು ಸಾವಿರದ ಸಾಧನಗಳಿಗೆ ಸೀಮಿತವಾಗಿದ್ದ ಎಎನ್‌ಸಿ ಇಂದು ಮಧ್ಯಮ ದರ್ಜೆಗೆ ಇಳಿದುಬಂದಿದೆ. ನಿತ್ಯ ಬಸ್ಸು, ರೈಲು, ಮೆಟ್ರೋಗಳಲ್ಲಿ ಓಡಾಡುವವರು ಇದಕ್ಕೆ ಕೊಡುವ ಹೆಚ್ಚುವರಿ ಹಣ ಸಾರ್ಥಕ, ಆದರೆ ಒಂದು ಷರತ್ತಿನ ಮೇಲೆ. ಗದ್ದಲ ಇಳಿದ ಮೇಲೆ ವಾಲ್ಯೂಮನ್ನೂ ಇಳಿಸಬೇಕು. ದ್ವಿಚಕ್ರ ವಾಹನ ಓಡಿಸುವಾಗ, ರಸ್ತೆ ಅಥವಾ ಹಳಿ ದಾಟುವಾಗ ಇದೇ ಗುಣ ಪ್ರಾಣಕ್ಕೆ ಎರವಾಗಬಹುದು ಎಂಬುದನ್ನೂ ಮರೆಯುವಂತಿಲ್ಲ. ಕಿವಿಯಲ್ಲಿ ನಿರಂತರ ಗುಂಯ್ ಸದ್ದು, ಮಾತು ಮಸುಕಾಗಿ ಕೇಳುವುದು ಇಂತಹ ಲಕ್ಷಣ ಕಂಡವರು ಹೊಸ ಇಯರ್‌ಫೋನ್ ಹುಡುಕುವ ಮುನ್ನ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶದ ಪ್ರಮುಖ ಸಂಸ್ಥೆಯಾಗಿದೆ.

ಪರೀಕ್ಷಿಸುವುದು ಹೇಗೆ?

ಕಿವಿಯೊಳಗೆ ಹಾಕುವ ವಸ್ತುವಾದ್ದರಿಂದ ಅಂಗಡಿಯಲ್ಲಿ ಕೇಳಿ ನೋಡುವ ಅವಕಾಶ ವಿರಳ. ಆದ್ದರಿಂದ ಕೊಳ್ಳುವ ಮುನ್ನ ಮರಳಿಸುವ ನಿಯಮವನ್ನು ಓದಬೇಕು. ಇಷ್ಟವಾಗದಿದ್ದರೆ ಹಿಂದಕ್ಕೆ ಪಡೆಯುತ್ತಾರೆಯೇ, ದೋಷವಿದ್ದರೆ ಮಾತ್ರ ಬದಲಿಸಿಕೊಡುತ್ತಾರೆಯೇ ಎಂಬುದರಲ್ಲಿ ಬಹಳ ವ್ಯತ್ಯಾಸವಿದೆ. ಕೊಂಡ ಮೊದಲ ದಿನವೇ ಮನೆಯಲ್ಲಿ, ಚೆನ್ನಾಗಿ ಪರಿಚಯವಿರುವ ಹಾಡುಗಳಿಂದ ಕೆಳಗಿನಂತೆ ಪರೀಕ್ಷಿಸಬಹುದು.

* ಹಳೆಯ ಮಾನೋ ಧ್ವನಿಮುದ್ರಣ: ಪಿ.ಬಿ. ಶ್ರೀನಿವಾಸ್ ಅವರ ಕಪ್ಪು-ಬಿಳುಪು ಕಾಲದ ಚಿತ್ರಗೀತೆಯೊಂದನ್ನು ಕೇಳಿದರೆ ಕಂಠ ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಪಕ್ಕಕ್ಕೆ ವಾಲಿದರೆ ಮೊದಲು ತುದಿ ಬದಲಿಸಿ, ನಂತರ ಎಡಬಲ ಅದಲುಬದಲು ಮಾಡಿದ ಫೋನಿನ ಸೆಟ್ಟಿಂಗ್ ನೋಡಬೇಕು. ಆಗಲೂ ವಾಲಿದರೆ ಸಾಧನದಲ್ಲಿ ದೋಷವಿರಬಹುದು.

* ತಂಬೂರಿ: ಕಛೇರಿಯ ಆರಂಭದ ಶ್ರುತಿಯಲ್ಲಿ ತಂತಿಯ ಝೇಂಕಾರ ಎಳೆ ಎಳೆಯಾಗಿ ಕೇಳಬೇಕು. ಕಿವಿ ಚುಚ್ಚಿದಂತಾದರೆ ಎತ್ತರದ ಸ್ವರಗಳು ಮಿತಿಮೀರಿವೆ ಎಂದರ್ಥ.

* ಮೃದಂಗ: ಎಡಭಾಗದ ಗುಂಭ ನಾದ ಉಬ್ಬಿ ಗಾಯನವನ್ನು ನುಂಗಬಾರದು. ಈ ಬೆಲೆಯ ಹಲವು ಮಾದರಿಗಳು ಬಾಸ್ ಏರಿಸಿ ಮೊದಲ ಕ್ಷಣಕ್ಕೆ ಮರುಳು ಮಾಡುತ್ತವೆ. ಅರ್ಧ ಗಂಟೆಯ ಬಳಿಕ ತಲೆ ಭಾರವಾಗುತ್ತದೆ.

* ಭಾವಗೀತೆ: ಸಿ. ಅಶ್ವತ್ಥ್ ಅವರ ತಾರಕದ ಗಾಯನದಲ್ಲಿ ಸಾಹಿತ್ಯದ ಒಂದೊಂದು ಅಕ್ಷರವೂ ಸ್ಪಷ್ಟವಾಗಿರಬೇಕು, ಸಕಾರಗಳು ಸೀಟಿಯಂತೆ ಕೇಳಬಾರದು.

* ದೂರವಾಣಿ ಕರೆ: ಫ್ಯಾನಿನ ಕೆಳಗೆ, ರಸ್ತೆ ಬದಿಯಲ್ಲಿ ನಿಂತು ಒಮ್ಮೊಮ್ಮೆ ಮಾತನಾಡಿ, ಆ ಕಡೆಯವರಿಗೆ ಹೇಗೆ ಕೇಳಿಸಿತೆಂದು ವಿಚಾರಿಸಬೇಕು.

ಎರಡು ಮಾದರಿಗಳನ್ನು ಹೋಲಿಸುವಾಗ ವಾಲ್ಯೂಮ್ ಸಮನಾಗಿರಬೇಕಾದದ್ದು ಮುಖ್ಯ. ತುಸು ಜೋರಾಗಿರುವುದೇ ಉತ್ತಮವೆಂದು ಕಿವಿ ಮೋಸಹೋಗುವುದು ಸಹಜ.

ಡಬ್ಬಿಯ ಮೇಲೆ ತಯಾರಿಕೆ ಅಥವಾ ಆಮದಿನ ತಿಂಗಳು ಮತ್ತು ವರ್ಷ, ಗ್ರಾಹಕ ಸೇವೆಯ ವಿಳಾಸ, ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆ ಇವೆಯೇ ಎಂದು ನೋಡಬೇಕು. ‘ಆರ್’ ಅಕ್ಷರದಿಂದ ಆರಂಭವಾಗುವ ಆ ಸಂಖ್ಯೆಯನ್ನು ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಪರಿಶೀಲಿಸಲು ಅವಕಾಶವಿದೆ. ವರ್ಷಗಟ್ಟಲೆ ಗೋದಾಮಿನಲ್ಲಿ ಕೂತ ನಿಸ್ತಂತು ಸಾಧನದ ಬ್ಯಾಟರಿ ಮಾರಾಟಕ್ಕೆ ಮುನ್ನವೇ ಮುಪ್ಪಾಗಿರಬಹುದು. ಸೇವಾ ಕೇಂದ್ರ ತಮ್ಮ ಊರಿನಲ್ಲಿದೆಯೇ, ಒಂದು ಗುಂಡಿ ಕಳೆದುಹೋದರೆ ಅದನ್ನಷ್ಟೇ ಕೊಳ್ಳಬಹುದೇ ಎಂಬುದನ್ನು ಹುಬ್ಬಳ್ಳಿ, ಮಂಗಳೂರು, ಕಲಬುರಗಿಯ ಗ್ರಾಹಕರು ಬೆಂಗಳೂರಿನವರಿಗಿಂತ ಹೆಚ್ಚು ಗಮನಿಸಬೇಕಾಗುತ್ತದೆ.

ಯಾರಿಗೆ ಸಾರ್ಥಕ, ಯಾರಿಗೆ ವ್ಯರ್ಥ?

ಮನೆಯಲ್ಲಿ, ಗ್ರಂಥಾಲಯದಲ್ಲಿ, ಸದ್ದಿಲ್ಲದೆಡೆ ಕುಳಿತು ಸಂಗೀತ ಕೇಳುವವರಿಗೆ 1,500ರಿಂದ 2,500 ರೂಪಾಯಿಯ ಉತ್ತಮ ತಂತಿಯ ಇಯರ್‌ಫೋನ್ ಸಾಕು. ಅದಕ್ಕಿಂತ ಮೇಲಿನ ಹಣ ನಾದಕ್ಕಿಂತ ಹೆಚ್ಚಾಗಿ ಮೈಕಟ್ಟಿಗೆ, ಹೆಸರಿಗೆ ಹೋಗುತ್ತದೆ. ನಿತ್ಯ ಗದ್ದಲದಲ್ಲಿ ಪ್ರಯಾಣಿಸುವವರಿಗೆ, ದಿನವಿಡೀ ಕರೆಗಳಲ್ಲಿ ತೊಡಗಿರುವವರಿಗೆ 3ರಿಂದ 6 ಸಾವಿರದ ಎಎನ್‌ಸಿ ಸಾಧನ ಯೋಗ್ಯ ವೆಚ್ಚ. ದಿನಕ್ಕೆ ಅರ್ಧ ಗಂಟೆ ಸುದ್ದಿ, ಪ್ರವಚನ ಕೇಳುವವರಿಗೆ ಇದಾವುದೂ ಅಗತ್ಯವಿಲ್ಲ. ಪದೇ ಪದೇ ಕಳೆದುಕೊಳ್ಳುವ ಅಭ್ಯಾಸವಿರುವವರು ನಿಸ್ತಂತುವಿನಿಂದ ದೂರವಿರುವುದೇ ಲೇಸು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತಿಗೆ ಇಲ್ಲಿ ಇನ್ನೊಂದನ್ನು ಸೇರಿಸಿಕೊಳ್ಳಬಹುದು: ಕಿವಿ ಕೇಳಿದಷ್ಟೇ ಹಣ ಬಿಚ್ಚಬೇಕು. ಬೇಕಾದ ಬೆಲೆಯ ಇಯರ್‌ಫೋನ್ ಇಂದಲ್ಲ ನಾಳೆ ಕೊಳ್ಳಬಹುದು. ಕಿವಿಗೆ ಮಾತ್ರ ಯಾವ ಅಂಗಡಿಯಲ್ಲಿಯೂ ಬದಲಿ ಸಿಗುವುದಿಲ್ಲ.